ರಕ್ಕಸಗಿ–ತಂಗಡಗಿ ಕಾಳಗ: ಆ ಹೊಲದ ಉತಾರ ಯಾರ ಹೆಸರಲ್ಲಿತ್ತು?

ಪ್ರಶ್ನೆ: ನಾನು ಮುದ್ದೇಬಿಹಾಳ ತಾಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮೂರಿಗೆ ಕೃಷ್ಣಾ ಹೊಳೆ ದೂರವಿಲ್ಲ. ಹಾಗಾಗಿ ಒಂಬತ್ತನೇ ತರಗತಿಯ ಮಕ್ಕಳಿಗೆ ‘1565ರ ತಾಳಿಕೋಟೆ ಯುದ್ಧ ನ್ಯಾಯವಾಗಿತ್ತೇ?’ ಅಂತ ಚರ್ಚಾಸ್ಪರ್ಧೆ ಇಟ್ಟೆ. ಪರವೋ ವಿರೋಧವೋ ನೀವೇ ಆರಿಸಿಕೊಳ್ಳಿ ಅಂದೆ. ಅಲ್ಲೇ ಕೆಟ್ಟಿತು. ಮುಸ್ಲಿಂ ಮಕ್ಕಳೆಲ್ಲ ಒಂದು ಕಡೆ ಕೂತರು, ಉಳಿದವರು ಇನ್ನೊಂದು ಕಡೆ. ತಯಾರಿಯ ದಿನವೇ ಮಾತಿಗೆ ಮಾತು ಬೆಳೆದು ಒಬ್ಬ ಹುಡುಗನಿಗೆ ಯಾರೋ ‘ಲೇ ಗಿಲಾನಿ’ ಅಂದುಬಿಟ್ಟರು, ಅಂದರೆ ಆ ಯುದ್ಧದಲ್ಲಿ ವಿಜಯನಗರಕ್ಕೆ ಮೋಸ ಮಾಡಿದರು ಅನ್ನುವ ದಂಡನಾಯಕರ ಹೆಸರಿಟ್ಟು ಕರೆದರು. ಅವನು ಮೂರು ದಿನದಿಂದ ಶಾಲೆಗೆ ಬಂದಿಲ್ಲ. ಒಬ್ಬ ಪಾಲಕರು ಫೋನ್ ಮಾಡಿ ‘ಹಂಪಿ ಹಾಳು ಮಾಡಿದ್ದು ನ್ಯಾಯ ಅಂತ ಮಕ್ಕಳ ಬಾಯಲ್ಲಿ ಹೇಳಿಸ್ತೀರಾ?’ ಎಂದು ರೇಗಿದರು. ಹೆಡ್‌ಮಾಸ್ತರರು ‘ಸುಮ್ನೆ ರದ್ದು ಮಾಡಿ, ಪರಿಸರ ಮಾಲಿನ್ಯ ಇಡಿ’ ಅನ್ನುತ್ತಿದ್ದಾರೆ. ನಿಜವಾಗಿ ಅದು ಧರ್ಮಯುದ್ಧವಾ, ಜಾಗದ ಜಗಳವಾ? ಗಿಲಾನಿ ಸೋದರರ ಮೋಸ ನಿಜವಾ? ಸುಲ್ತಾನರು ತಮ್ಮ ಊರುಗಳನ್ನು ವಾಪಸ್ ಕೇಳಿದ್ದು ತಪ್ಪಾ? ಕೊನೆಗೆ, ಚರ್ಚೆ ನಡೆಸಲಾ, ಬಿಡಲಾ?

ಉತ್ತರ: ಅಕ್ಕೋರೇ, ನಮಸ್ಕಾರ. ನಿಮ್ಮ ಪತ್ರ ಓದಿದಾಗ ನನ್ನದೇ ಹಳೆಯ ಎಡವಟ್ಟು ನೆನಪಾಯಿತು. ನಾನು ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ವಿಷಯದ ಮೇಲೆ ಚರ್ಚೆ ಇಟ್ಟಿದ್ದೆ. ಒಬ್ಬ ಹುಡುಗ ಮೇಜು ಕುಟ್ಟಿ ಕುಟ್ಟಿ ಮಾತಾಡಿ ಗೆದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಾಗಿಲ ಹತ್ತಿರ ನಿಂತು ಕೇಳಿದಳು: ‘ಸರ್, ಅಷ್ಟು ದೊಡ್ಡ ದಂಡಿಗೆ ಊಟ ಎಲ್ಲಿಂದ ಬರ್ತಿತ್ತು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರು ಸರಿ, ಯಾರು ತಪ್ಪು ಅಂತ ಒಂದು ತಾಸು ಕೂಗಾಡಿದ್ದೆವು. ಯಾರ ಹೊಲದ ಜೋಳ ಹೋಯಿತು ಅಂತ ಒಬ್ಬರೂ ಕೇಳಿರಲಿಲ್ಲ.

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಚಿಂತೆಯನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಹೇಳುತ್ತೇನೆ. ನಾನೂರೈವತ್ತು ವರ್ಷಕ್ಕೂ ಹಿಂದಿನ ಜಗಳ ನಿಮ್ಮ ಕ್ಲಾಸಿನ ಬೆಂಚಿನ ಮೇಲೆ ಬಂದು ಕೂತಿದೆ. ಮಕ್ಕಳು ವಿಜಯನಗರದ ರಾಮರಾಯನ ಪರ, ವಿಜಯಪುರದ ಸುಲ್ತಾನ ಅಲಿ ಆದಿಲ್ ಶಾನ ಪರ ಮಾತಾಡುತ್ತೇವೆ ಅಂದುಕೊಂಡಿದ್ದಾರೆ. ಮಾತಾಡುತ್ತಿರುವುದು ತಮ್ಮ ತಮ್ಮ ಮನೆಯ ಪರ. ಇದು ಬಿಡಿಸಿಕೊಳ್ಳಬೇಕಾದರೆ ಆ ಕಾಲದಲ್ಲಿ ಯಾರು ಯಾರ ಕಡೆ ಇದ್ದರು ಅನ್ನುವುದನ್ನು ಒಂದು ಸಲ ನೆಟ್ಟಗೆ ನೋಡಬೇಕು. ನೋಡಿದರೆ ತಲೆ ತಿರುಗುತ್ತದೆ. ತಿರುಗಬೇಕು ಕೂಡ.

ಶುರುವಿನಲ್ಲೇ ಒಂದು ಸಣ್ಣ ತಿದ್ದುಪಡಿ. ಕಾಳಗ ತಾಳಿಕೋಟೆಯಲ್ಲಿ ಆಗಲಿಲ್ಲ. ತಾಳಿಕೋಟೆ ಇರುವುದು ಡೋಣಿ ನದಿಯ ದಂಡೆಯಲ್ಲಿ. 1564ರ ಕೊನೆಗೆ ಸುಲ್ತಾನರ ದಂಡುಗಳು ಬಂದು ಬೀಡು ಬಿಟ್ಟಿದ್ದು ಅಲ್ಲಿ, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಬಡಿದಾಡಿದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಕಡೆ, 1565ರ ಜನವರಿ 23ರಂದು. ನಮ್ಮ ಕಡೆ ರಕ್ಕಸಗಿ–ತಂಗಡಗಿ ಅಂತ ಎರಡು ಊರಿನ ಹೆಸರು ಸೇರಿಸಿ ಹೇಳುತ್ತೇವಲ್ಲ, ಒಂದು ಹುನಗುಂದ ತಾಲೂಕಿನದು, ಇನ್ನೊಂದು ನಿಮ್ಮದೇ ತಾಲೂಕಿನದು. ನಡುವೆ ಹೊಳೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವ ತನಕ ಎರಡೂ ದಂಡೆ ವಿಜಯಪುರ ಜಿಲ್ಲೆಯಲ್ಲೇ ಇದ್ದವು. ಕಾದಾಟ ಸರಿಯಾಗಿ ಯಾವ ಬಯಲಲ್ಲಿ ಆಯಿತು ಅನ್ನುವುದರ ಮೇಲೆ ಇತಿಹಾಸಕಾರರ ನಡುವೆ ಇನ್ನೂ ವಾದ ಇದೆ. ಇರಲಿ ಬಿಡಿ.

ಈಗ ಜಾಗದ ವಿಷಯ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಾಡಿಗೆ ಪುಸ್ತಕದಲ್ಲಿ ರಾಯಚೂರು ದೋಆಬ್ ಅನ್ನುತ್ತಾರೆ. ನಮ್ಮ ಶಾಸನಗಳಲ್ಲಿ ಅದಕ್ಕೆ ಎಡೆದೊರೆ ನಾಡು ಅಂತ ಇನ್ನೂ ಚೆಂದದ ಹೆಸರಿದೆ. ಎರಡು ಹೊಳೆ, ನಡುವೆ ಎರಿಭೂಮಿ, ರಾಯಚೂರು–ಮುದಗಲ್ಲಿನ ಎರಡು ಗಟ್ಟಿ ಕೋಟೆ. ಯಾವ ರಾಜನಿಗೆ ಆಸೆ ಆಗುವುದಿಲ್ಲ ಹೇಳಿ? ಕಲ್ಯಾಣದ ಚಾಲುಕ್ಯರೂ ತಂಜಾವೂರಿನ ಚೋಳರೂ ಇದಕ್ಕಾಗಿ ಬಡಿದಾಡಿದರು. ರಾಯಚೂರಿನ ಕೋಟೆ ಕಟ್ಟಿಸಿದ್ದು 1294ರಲ್ಲಿ ಓರುಗಲ್ಲಿನ, ಅಂದರೆ ಈಗಿನ ವಾರಂಗಲ್ಲಿನ, ಕಾಕತೀಯರ ಕೈಕೆಳಗಿನ ಗೋರೆ ಗಂಗಯ್ಯ ರೆಡ್ಡಿ. ಆಮೇಲೆ 1336ರಲ್ಲಿ ವಿಜಯನಗರ ಹುಟ್ಟಿತು, 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಅವತ್ತಿನಿಂದ ಎರಡೂ ಮನೆಗಳಿಗೆ ಇದೇ ಬದುವಿನ ಜಗಳ. ಮುಂದೆ ಬಹಮನಿ ರಾಜ್ಯ ಒಡೆದು ವಿಜಯಪುರ, ಅಹಮದನಗರ, ಗೋಲ್ಕೊಂಡ, ಬೀದರ, ಬೆರಾರ್ ಅಂತ ಐದು ಸುಲ್ತಾನರ ಮನೆಗಳಾದವು, ಜಗಳ ಮಾತ್ರ ಹಾಗೇ ಉಳಿಯಿತು. 1520ರಲ್ಲಿ ಕೃಷ್ಣದೇವರಾಯ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿ ರಾಯಚೂರು ತೆಗೆದುಕೊಂಡ. 1529ರಲ್ಲಿ ರಾಯ ತೀರಿಕೊಂಡದ್ದೇ ತಡ, ಅದೇ ಇಸ್ಮಾಯಿಲ್ 1530ರಲ್ಲಿ ಬಂದು ವಾಪಸ್ ಕಿತ್ತುಕೊಂಡ.

ನಮ್ಮ ಕಡೆ ಹೊಲದ ಜಗಳ ಆದರೆ ಏನು ಮಾಡುತ್ತೇವೆ? ಉತಾರ, ಅಂದರೆ ಪಹಣಿ, ತೆಗೆಸುತ್ತೇವೆ. ಯಾರ ಹೆಸರಲ್ಲಿದೆ ನೋಡು ಅನ್ನುತ್ತೇವೆ. ಎಡೆದೊರೆ ನಾಡಿನ ಉತಾರ ತೆಗೆಸಿದರೆ ಪ್ರತಿ ಎರಡು ತಲೆಮಾರಿಗೆ ಒಂದು ಹೆಸರು ಹೊಡೆದು ಇನ್ನೊಂದು ಬರೆದಿರುತ್ತದೆ. ಅದರಲ್ಲಿ ಯಾವ ವರ್ಷದ್ದನ್ನು ‘ಅಸಲಿ’ ಅನ್ನುತ್ತೀರಿ? 1294ರದ್ದನ್ನಾ? 1520ರದ್ದನ್ನಾ? 1530ರದ್ದನ್ನಾ? ವಿಜಯಪುರದವರಿಗೆ 1530 ಸರಿ ಅನ್ನಿಸುತ್ತದೆ, ಹೊಸಪೇಟೆಯವರಿಗೆ 1520. ‘ನಮ್ಮ ಜಾಗ ವಾಪಸ್ ಕೇಳಿದೆವು’ ಅನ್ನುವ ಮಾತನ್ನು ಇಬ್ಬರೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬಹುದಿತ್ತು. ಹೇಳಿದರು ಕೂಡ.

ಆದರೆ ಬದುವಿನ ಜಗಳ ಇನ್ನೂರು ವರ್ಷದಿಂದ ಇದ್ದೇ ಇತ್ತು. ನಾಲ್ಕು ಸುಲ್ತಾನರು ಒಟ್ಟಿಗೆ ಎದ್ದದ್ದು 1564ರಲ್ಲೇ ಯಾಕೆ? ಅದಕ್ಕೆ ಅಳಿಯ ರಾಮರಾಯನ ಕಥೆ ಬೇಕು, ಮತ್ತು ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು.

ರಾಮರಾಯ ಕೃಷ್ಣದೇವರಾಯನ ಅಳಿಯ. ಸದಾಶಿವರಾಯ ಹೆಸರಿಗೆ ರಾಜ, ದರಬಾರು ನಡೆಸುತ್ತಿದ್ದದ್ದು ಇವನು. ಇವನಷ್ಟು ಚೆನ್ನಾಗಿ ಸುಲ್ತಾನರ ಮನೆಯ ಒಳಜಗಳ ಬಲ್ಲವರು ಯಾರೂ ಇರಲಿಲ್ಲ. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬ್ ಶಾ ಅಣ್ಣನಿಗೆ ಹೆದರಿ ಓಡಿಬಂದಾಗ ಏಳು ವರ್ಷ ವಿಜಯನಗರದಲ್ಲಿ ಇಟ್ಟುಕೊಂಡು ಸಾಕಿದ್ದು ಈ ರಾಮರಾಯನ ಕಾಲದಲ್ಲೇ. ಆತ ಅಲ್ಲೇ ತೆಲುಗು ಕಾವ್ಯದ ರುಚಿ ಹತ್ತಿಸಿಕೊಂಡ. ತೆಲುಗು ಕವಿಗಳು ಅವನನ್ನು ಮಲ್ಕಿಭರಾಮ ಅಂತ ಕರೆದು ಹಾಡಿ ಹೊಗಳಿದರು. ವಿಜಯಪುರದಲ್ಲಿ ಮೊದಲನೇ ಇಬ್ರಾಹಿಂ ಆದಿಲ್ ಶಾ ಪರದೇಶಿ ಸವಾರರನ್ನು ಕೆಲಸದಿಂದ ತೆಗೆದಾಗ ಅವರಲ್ಲಿ ಸುಮಾರು 3,000 ಜನರನ್ನು ರಾಮರಾಯ ತನ್ನ ದಂಡಿಗೆ ಸೇರಿಸಿಕೊಂಡ. 1558ರಲ್ಲಿ ಪಟ್ಟಕ್ಕೆ ಬಂದ ಅಲಿ ಆದಿಲ್ ಶಾ ಅಂತೂ, ರಾಮರಾಯನ ಮಗ ತೀರಿಕೊಂಡಾಗ ನೂರು ಜನರನ್ನಷ್ಟೇ ಕಟ್ಟಿಕೊಂಡು ವಿಜಯನಗರಕ್ಕೆ ಹೋಗಿ ಸಂತಾಪ ಹೇಳಿದ. ರಾಮರಾಯನ ಹೆಂಡತಿ ಅವನನ್ನು ಮಗ ಅಂದಳಂತೆ. ಬೀಳ್ಕೊಡುವಾಗ ರಾಮರಾಯ ಜೊತೆಗೆ ನಾಲ್ಕು ಹೆಜ್ಜೆ ಬರಲಿಲ್ಲ, ಅದು ಅಲಿಯ ಮನಸ್ಸಿಗೆ ನಾಟಿತು ಅಂತ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಬಾಗಿಲ ತನಕ ಬಂದು ಕಳಿಸಲಿಲ್ಲ ಅನ್ನುವ ಸಿಟ್ಟು ನಮ್ಮ ಬೀಗರ ಮನೆಗಳಲ್ಲಿ ಇವತ್ತಿಗೂ ಎಷ್ಟು ವರ್ಷ ಬಾಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ಅಲಿ, ಅದೇ ರಾಮರಾಯ, ಜೊತೆಗೆ ಗೋಲ್ಕೊಂಡದ ಇಬ್ರಾಹಿಂ, ಮೂವರೂ ಸೇರಿ ಅಹಮದನಗರದ ಹುಸೇನ್ ನಿಜಾಮ್ ಶಾನ ಮೇಲೆ ದಂಡೆತ್ತಿ ಹೋದರು. ಅಲಿಗೆ ಕಲ್ಯಾಣ ಮತ್ತು ಸೊಲ್ಲಾಪುರ ಬೇಕಿತ್ತು. ಹುಸೇನ್ ಸೋತ. ಸಂಧಿಗೆ ರಾಮರಾಯ ಹಾಕಿದ ಷರತ್ತು ನೋಡಿ: ಕಲ್ಯಾಣದ ಕೋಟೆ ಅಲಿಗೆ ಕೊಡಬೇಕು, ಹುಸೇನನಿಗೆ ನೆರವಾದ ಬೆರಾರಿನ ಸರದಾರ ಜಹಾಂಗೀರ್ ಖಾನನನ್ನು ಹುಸೇನನೇ ಕೊಲ್ಲಿಸಬೇಕು, ತಾನೇ ಬಂದು ರಾಮರಾಯನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕು. ಹುಸೇನ್ ಮೂರನ್ನೂ ಮಾಡಿದ. ಕೈ ಮುಟ್ಟಿಸಿಕೊಂಡ ತಕ್ಷಣ ನೀರು ತರಿಸಿ ಎಲ್ಲರೆದುರು ಕೈ ತೊಳೆದುಕೊಂಡ. ರಾಮರಾಯನೂ ಸಿಟ್ಟಾಗಿ ನೀರು ತರಿಸಿ ತನ್ನ ಕೈ ತೊಳೆದುಕೊಂಡ. ಆಮೇಲೆ ಹುಸೇನ್ ಕಲ್ಯಾಣದ ಕೀಲಿಕೈಯನ್ನು ರಾಮರಾಯನ ಕೈಗಿಟ್ಟ, ರಾಮರಾಯ ಅದನ್ನು ಅಲಿಗೆ ಕಳಿಸಿಕೊಟ್ಟ. ಒಂದು ಡೇರೆ, ಎರಡು ತಂಬಿಗೆ ನೀರು, ಒಂದು ಕೀಲಿಕೈ. 1565ರ ಕಾಳಗ ಅರ್ಧ ಅಲ್ಲೇ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆ ಹೇಳುವ ಫೆರಿಷ್ತಾ ವಿಜಯಪುರದಲ್ಲೇ ಕೂತು, ಎರಡನೇ ಇಬ್ರಾಹಿಂ ಆದಿಲ್ ಶಾನ ಆಶ್ರಯದಲ್ಲಿ, ಯುದ್ಧವಾಗಿ ಎಷ್ಟೋ ವರ್ಷದ ಮೇಲೆ ಬರೆದವನು. ಉಂಡ ಮನೆಯ ಋಣ ಅವನಿಗೂ ಇತ್ತು. ರಾಮರಾಯನ ಸೊಕ್ಕು ಎಷ್ಟು ದೊಡ್ಡದಾಗಿ ಕಂಡರೆ ಅಲಿಯ ಯುದ್ಧ ಅಷ್ಟು ನ್ಯಾಯವಾಗಿ ಕಾಣುತ್ತದೆ, ಅಲ್ವಾ? ಅಹಮದನಗರದ ದಂಡಯಾತ್ರೆಯಲ್ಲಿ ರಾಮರಾಯನ ಸೈನಿಕರು ಮಸೀದಿಗಳನ್ನು ಕೆಡಿಸಿದರು ಅಂತ ಅವನು ದೂರುತ್ತಾನೆ. ಆಗಿರಬಹುದು, ಆ ಕಾಲದ ದಂಡುಗಳು ಸಾಧುಗಳಲ್ಲ. ಆದರೆ ಅದೇ ದಂಡಯಾತ್ರೆಯಲ್ಲಿ ಪಕ್ಕದ ಡೇರೆಯಲ್ಲಿ ಇದ್ದವನು ಅಲಿ ಆದಿಲ್ ಶಾ. ಆಗ ಅವನು ರಾಮರಾಯನ ಜೊತೆ ಬಿಟ್ಟು ಹೋಗಲಿಲ್ಲ. ಕಲ್ಯಾಣದ ಕೀಲಿಕೈ ಕೈಗೆ ಬರುವ ತನಕ ಕಾದ.

ರಾಮರಾಯನದೂ ಲೆಕ್ಕ ತಪ್ಪಿತು. ಇವತ್ತು ಇವನ ಜೊತೆ ಸೇರಿ ಅವನನ್ನು ಹೊಡೆ, ನಾಳೆ ಅವನ ಜೊತೆ ಸೇರಿ ಇವನನ್ನು ಹೊಡೆ, ಪ್ರತಿ ಸಲವೂ ಒಂದೆರಡು ಕೋಟೆ ನಿನಗೆ ಉಳಿಸಿಕೋ. ಇಪ್ಪತ್ತು ವರ್ಷ ಈ ಆಟ ನಡೆಯಿತು. ಸಹಾಯ ಕೇಳಿ ಬಂದ ಮಿತ್ರರಿಂದಲೂ ಊರು ಬಿಡಿಸಿಕೊಳ್ಳತೊಡಗಿದಾಗ ಎಲ್ಲರಿಗೂ ಒಂದೇ ಸಲ ತಿಳಿಯಿತು, ನಮ್ಮ ಜಗಳದ ಬಡ್ಡಿ ತಿನ್ನುವವನು ಒಬ್ಬನೇ ಅಂತ.

ರಾಜಿ ಆದದ್ದು ಹೇಗೆ? ಮದುವೆಯಿಂದ. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟರು. ಅಲಿಯ ತಂಗಿಯನ್ನು ಹುಸೇನನ ಮಗ ಮುರ್ತಜಾಗೆ ತಂದುಕೊಂಡರು. ವರ್ಷಗಟ್ಟಲೆ ಹೊಡೆದಾಡಿದ ಸೊಲ್ಲಾಪುರ ಕೋಟೆ ಹೆಣ್ಣಿನ ಜೊತೆ ವರದಕ್ಷಿಣೆಯಾಗಿ ವಿಜಯಪುರಕ್ಕೆ ಬಂತು! ಬೀದರಿನ ಅಲಿ ಬರೀದ್ ಶಾ ಸೇರಿಕೊಂಡ, ಗೋಲ್ಕೊಂಡದ ಇಬ್ರಾಹಿಂ ಸಾಕಿದ ಮನೆಯ ವಿರುದ್ಧವೇ ಬಂದ. ಬೆರಾರಿನವರು ಬರಲಿಲ್ಲ. ಜಹಾಂಗೀರ್ ಖಾನನ ರಕ್ತ ಅವರು ಮರೆತಿರಲಿಲ್ಲ. ಆಮೇಲೆ ಅಲಿ ರಾಮರಾಯನ ಹತ್ತಿರ ದೂತನನ್ನು ಕಳಿಸಿ, ಅಷ್ಟರಲ್ಲಿ ಮತ್ತೆ ವಿಜಯನಗರದ ಕೈ ಸೇರಿದ್ದ ರಾಯಚೂರು, ಮುದಗಲ್ಲು ಮುಂತಾದ ಜಾಗ ವಾಪಸ್ ಕೇಳಿದ. ರಾಮರಾಯ ದೂತನನ್ನು ಹೊರಗಟ್ಟಿದ. ಬೇಕಾಗಿದ್ದ ನೆಪ ಸಿಕ್ಕಿತು.

ಹೀಗಾಗಿ ‘ಧರ್ಮಯುದ್ಧವಾ, ಜಾಗದ ಜಗಳವಾ’ ಅಂದರೆ ನನ್ನ ಉತ್ತರ: ಜಾಗ, ಮಾನ, ಹೆದರಿಕೆ, ಈ ಮೂರರ ಜಗಳ. ಧರ್ಮದ ಮಾತು ದಂಡು ಕೂಡಿಸುವಾಗ ಕೆಲಸಕ್ಕೆ ಬಂತು, ಗೆದ್ದ ಮೇಲೆ ಬರೆದವರ ಬರಹದಲ್ಲಿ ಇನ್ನೂ ಜಾಸ್ತಿ ಬಂತು. ಧರ್ಮದ ಭಾವನೆ ಇರಲೇ ಇಲ್ಲ ಅಂತ ವಾದಿಸುವವರೂ ಇದ್ದಾರೆ, ಅದು ಅತಿಯಾಯಿತು. ಕೈ ತೊಳೆದ ನೀರಿನಲ್ಲಿ ಮಡಿ–ಮೈಲಿಗೆ ಇರಲಿಲ್ಲವಾ? ಇತ್ತು. ಆದರೆ ಅದೇ ಒಂದು ಕಾರಣ ಆಗಿದ್ದರೆ ಬೆರಾರ್ ಹೊರಗುಳಿಯುತ್ತಿರಲಿಲ್ಲ, ರಾಮರಾಯನ ದಂಡಿನಲ್ಲಿ ಅಷ್ಟು ಮುಸ್ಲಿಂ ಸವಾರರು ಇರುತ್ತಿರಲಿಲ್ಲ, ವಿಜಯಪುರದ ದಂಡಿನಲ್ಲಿ ಮರಾಠಾ ಸವಾರರು ಇರುತ್ತಿರಲಿಲ್ಲ. ಅಲಿಯ ತಂದೆಯ ಕಾಲದಲ್ಲೇ ವಿಜಯಪುರದ ಕಂದಾಯದ ಲೆಕ್ಕ ಪಾರಸಿಯಿಂದ ಮರಾಠಿಗೆ ಬದಲಾಗಿತ್ತು, ಬರೆಯುತ್ತಿದ್ದವರು ಬ್ರಾಹ್ಮಣರು. ಅಲಿಯ ನಂತರ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ಹಾಡು ಕಟ್ಟಿದ. ಇದೆಲ್ಲ ಒಂದೇ ಕೋಟೆಯೊಳಗಿನ ಮಾತು.

ಈಗ ಗಿಲಾನಿ. ನಿಮ್ಮ ಹುಡುಗನ ಮನಸ್ಸು ನೋಯಿಸಿದ ಹೆಸರು ಇದೇ ಅಲ್ಲವಾ, ಅದಕ್ಕೆ ಸ್ಪಷ್ಟವಾಗಿ ಹೇಳುತ್ತೇನೆ. ಯುದ್ಧವಾಗಿ ಎರಡು ವರ್ಷದ ಮೇಲೆ, 1567ರಲ್ಲಿ, ಸೀಸರ್ ಫ್ರೆಡರಿಕ್ ಅಂತ ವೆನಿಸಿನ ವ್ಯಾಪಾರಿಯೊಬ್ಬ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ರಾಮರಾಯನ ಇಬ್ಬರು ಮುಸ್ಲಿಂ ದಂಡನಾಯಕರು ಕಾಳಗದ ನಡುವೆ ತಿರುಗಿಬಿದ್ದರು, ಒಬ್ಬೊಬ್ಬರ ಕೈಕೆಳಗೆ ಎಪ್ಪತ್ತು–ಎಂಬತ್ತು ಸಾವಿರ ಜನ ಇದ್ದರು ಅಂತ ಬರೆದವನು ಅವನು. ಆ ಸಂಖ್ಯೆ ನಂಬುವಂಥದ್ದಲ್ಲ. ಅವನು ಕಾಳಗ ನೋಡಿದವನೂ ಅಲ್ಲ, ಸೋತ ಊರಿನಲ್ಲಿ ಕೇಳಿದ್ದನ್ನು ಬರೆದ. ಫೆರಿಷ್ತಾ ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ‘ಗಿಲಾನಿ ಸೋದರರು’ ಅನ್ನುವ ಹೆಸರು ಆ ವೆನಿಸಿನವನ ಬರಹದಲ್ಲಿ ಇಲ್ಲ, ಆಮೇಲೆ ಸೇರಿಕೊಂಡದ್ದು. ಪಕ್ಷ ಬದಲಾಯಿಸುವುದು ಆ ಕಾಲದ ಸರದಾರರಿಗೆ ಹೊಸದೇನಲ್ಲ, ಹಾಗಾಗಿ ನಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸೋತ ಮನೆಯಲ್ಲಿ ಮೊದಲು ಹುಟ್ಟುವ ಮಾತು ‘ಮೋಸ ಆಯ್ತು’ ಅನ್ನುವುದೇ, ಇದನ್ನು ಮಾತ್ರ ಹೇಳುತ್ತೇನೆ. ಚುನಾವಣೆ ಸೋತವರನ್ನು ನೋಡಿಲ್ಲವಾ?

ಸೋಲಿಗೆ ಬೇರೆ ಕಾರಣಗಳು ಕಣ್ಣೆದುರೇ ಇವೆ. ಸುಲ್ತಾನರು ಮೂರು ದಿನ ಹೊಳೆಗುಂಟ ದಂಡು ನಡೆಸಿ, ಬೇರೆ ಕಡೆ ದಾಟುತ್ತಾರೆ ಅನ್ನುವ ಭ್ರಮೆ ಹುಟ್ಟಿಸಿ, ಕಾವಲಿನವರು ಆ ಕಡೆ ಸರಿದ ಮೇಲೆ ಸರಕ್ಕನೆ ಹಿಂದೆ ತಿರುಗಿ ಬಂದು ಮೊದಲಿನ ಜಾಗದಲ್ಲೇ ಹೊಳೆ ದಾಟಿದರು. ಅಹಮದನಗರದ ಚಲಬಿ ರೂಮಿ ಖಾನ್ ಆರುನೂರು ತೋಪುಗಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿದ್ದ. ವಿಜಯನಗರದವರು ಹತ್ತಿರ ನುಗ್ಗಿದಾಗ ಗುಂಡಿನ ಬದಲು ಚೀಲಗಟ್ಟಲೆ ತಾಮ್ರದ ದುಡ್ಡು ತುಂಬಿ ಹಾರಿಸಿದರಂತೆ. ಯೋಚಿಸಿ ನೋಡಿ, ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವ ದುಡ್ಡು ಅದು. ಮುದುಕ ರಾಮರಾಯ ಸಿಕ್ಕಿಬಿದ್ದ, ಹುಸೇನ್ ಅಲ್ಲೇ ತಲೆ ತೆಗೆಸಿದ. ನಾಯಕನ ತಲೆ ಈಟಿಯ ಮೇಲೆ ಕಂಡ ಮೇಲೆ ಆ ಕಾಲದ ಯಾವ ದಂಡೂ ನಿಲ್ಲುತ್ತಿರಲಿಲ್ಲ.

ವಿಜಯಪುರದಲ್ಲಿ ಮಲಿಕ್–ಎ–ಮೈದಾನ್ ತೋಪು ನೋಡಿದ್ದೀರಲ್ಲ, ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ. ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ‘ಇದೇ ತಾಳಿಕೋಟೆಯಲ್ಲಿ ಗುಡುಗಿದ್ದು’ ಅಂತ ಗೈಡ್‌ಗಳು ಹೇಳುತ್ತಾರೆ. ವರ್ಷದ ಲೆಕ್ಕಕ್ಕೆ ತೊಂದರೆ ಇಲ್ಲ, ಆದರೆ ಅದು ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಪರಾಂಡಾದಿಂದ. ಅಂದರೆ ನಾವು ಹೆಮ್ಮೆಯಿಂದ ‘ನಮ್ಮ ತೋಪು’ ಅನ್ನುವುದು 1565ರಲ್ಲಿ ಬೀಗರ ಮನೆಯದು, ಆಮೇಲೆ ಬೀಗರಿಂದಲೇ ಕಿತ್ತುಕೊಂಡದ್ದು. ಮಕ್ಕಳಿಗೆ ಇದನ್ನು ಹೇಳಿ, ಖುಷಿ ಪಡುತ್ತಾರೆ.

ಸರಿ, ನ್ಯಾಯವಾಗಿತ್ತೇ?

ಒಂದೇ ಪ್ರಶ್ನೆಯಾಗಿ ಕೇಳಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಯುದ್ಧಕ್ಕೆ ಹೊರಟದ್ದು ಒಂದು, ಗೆದ್ದ ಮೇಲೆ ಮಾಡಿದ್ದು ಇನ್ನೊಂದು. ನಿಮಗೆ ಫೋನ್ ಮಾಡಿದ ಪಾಲಕರ ಸಿಟ್ಟು ಎರಡನೆಯದರ ಮೇಲೆ. ನಿಮ್ಮ ಚರ್ಚೆಯ ತಲೆಬರಹ ಎರಡನ್ನೂ ಒಂದೇ ಗಂಟಿಗೆ ಕಟ್ಟಿತ್ತು.

ಹೊರಟದ್ದರ ಬಗ್ಗೆ: ಅಲಿಗೆ ದೂರು ಇತ್ತು, ಅದು ಪೂರ್ತಿ ಸುಳ್ಳಲ್ಲ. ಆ ಕಾಲದ ರಾಜನೀತಿಯ ಪ್ರಕಾರ ಕಳೆದುಕೊಂಡ ಕೋಟೆ ಕೇಳುವುದು, ಕೊಡದಿದ್ದರೆ ದಂಡು ತರುವುದು, ಎರಡನ್ನೂ ಯಾರೂ ಅನ್ಯಾಯ ಅನ್ನುತ್ತಿರಲಿಲ್ಲ. ರಾಮರಾಯನೇ ಅದನ್ನು ಹತ್ತಾರು ಸಲ ಮಾಡಿದ್ದ. ಆದರೆ ಅಲಿಗೆ ಬೇಕಾಗಿದ್ದದ್ದು ರಾಯಚೂರು, ಮುದಗಲ್ಲು ಮಾತ್ರ ಆಗಿದ್ದರೆ ನಾಲ್ಕು ರಾಜ್ಯಗಳ ದಂಡು ಬೇಕಿರಲಿಲ್ಲ. ದೂತ ವಾಪಸ್ ಬರುವ ಮೊದಲೇ ಮದುವೆಗಳು ಮುಗಿದಿದ್ದವು. ಕೇಳಿದ್ದು ಜಾಗ, ಕೂಡಿಸಿದ್ದು ಸರ್ವನಾಶಕ್ಕೆ ಬೇಕಾದಷ್ಟು ಬಲ. ಪಂಚಾಯ್ತಿಯಲ್ಲಿ ನಾನು ಕೂತಿದ್ದರೆ ಕೇಳಿಕೆಯನ್ನು ಒಪ್ಪುತ್ತಿದ್ದೆ, ನೆಪವನ್ನು ಒಪ್ಪುತ್ತಿರಲಿಲ್ಲ.

ಗೆದ್ದ ಮೇಲಿನದರ ಬಗ್ಗೆ ನನಗೆ ಅನುಮಾನವೇ ಇಲ್ಲ. ರಾಮರಾಯನ ತಮ್ಮ ತಿರುಮಲ, ಸದಾಶಿವರಾಯನನ್ನೂ ಬೊಕ್ಕಸವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಗೆ ಓಡಿಹೋದ. ಊರಿಗೆ ಕಾವಲು ಇರಲಿಲ್ಲ. ಕಾಳಗ ನಡೆದದ್ದು ಕೆಲವೇ ತಾಸು, ಊರು ದೋಚಿದ್ದು ತಿಂಗಳುಗಟ್ಟಲೆ. ನೇಕಾರ, ಕುಂಬಾರ, ಹೂ ಮಾರುವವಳು, ಇವರ್ಯಾರೂ ರಾಯಚೂರು ಇಟ್ಟುಕೊಂಡಿರಲಿಲ್ಲ. ಅವರ ಮನೆ ಸುಟ್ಟದ್ದಕ್ಕೆ ಯಾವ ಉತಾರವೂ ನ್ಯಾಯ ಕೊಡುವುದಿಲ್ಲ. ಇದನ್ನು ಹೇಳಲು ನೀವು ಹಿಂದೂ ಆಗಬೇಕಿಲ್ಲ, ನಿಮ್ಮ ಆ ಹುಡುಗನೂ ಆರಾಮಾಗಿ ಹೇಳಬಹುದು. ರಾಮರಾಯನ ರಾಜನೀತಿ ಯುದ್ಧವನ್ನು ಕರೆದು ತಂದಿತು ಅನ್ನುವುದನ್ನು ಆ ಫೋನ್ ಮಾಡಿದ ಪಾಲಕರ ಮಗನೂ ಆರಾಮಾಗಿ ಹೇಳಬಹುದು.

ಲಾಭ ಯಾರಿಗಾಯಿತು ಅನ್ನುವುದನ್ನೂ ಮಕ್ಕಳ ಮುಂದೆ ಇಡಿ. ಅಲಿಗೆ ರಾಯಚೂರು, ಮುದಗಲ್ಲು ಸಿಕ್ಕವು. ಹುಸೇನ್ ಅದೇ 1565ರಲ್ಲಿ, ಕೆಲವೇ ತಿಂಗಳಲ್ಲಿ ತೀರಿಕೊಂಡ. ಒಂದೆರಡು ವರ್ಷದೊಳಗೆ ಗೆದ್ದವರು ಮತ್ತೆ ಒಬ್ಬರ ಮೇಲೊಬ್ಬರು ಬಿದ್ದರು. ರಾಮರಾಯನ ಮಗ ಚಿಕ್ಕಪ್ಪನ ವಿರುದ್ಧ ಅಲಿಯ ಸಹಾಯ ಕೇಳಿದ, ಆ ಕಡೆಯವರು ಅಹಮದನಗರದ ಸಹಾಯ ಕೇಳಿದರು. ಹಳೆ ಆಟ, ಹೊಸ ಕೈ. ವಿಜಯನಗರ ಅವತ್ತೇ ಮುಗಿಯಿತು ಅನ್ನುವುದೂ ತಪ್ಪು ಕಲ್ಪನೆ. ಪೆನುಗೊಂಡೆ, ಚಂದ್ರಗಿರಿ, ವೇಲೂರು ಅಂತ ಅದು ಇನ್ನೂ ಮುಕ್ಕಾಲು ಶತಮಾನಕ್ಕೂ ಹೆಚ್ಚು ಬಾಳಿತು. 1639ರಲ್ಲಿ ಮದ್ರಾಸಿನ ಜಾಗವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟವರು ಅದೇ ರಾಜ್ಯದ ಕೈಕೆಳಗಿನ ನಾಯಕರು. 1686ರಲ್ಲಿ ಔರಂಗಜೇಬ್ ಬಂದು ವಿಜಯಪುರವನ್ನು ನುಂಗಿದ, ಮರುವರ್ಷ ಗೋಲ್ಕೊಂಡವನ್ನು. ರಾಯಚೂರಿನ ಉತಾರದಲ್ಲಿ ಮತ್ತೊಂದು ಹೆಸರು.

ಇನ್ನು ಚರ್ಚೆ ಏನು ಮಾಡಬೇಕು.

ಹೆಡ್‌ಮಾಸ್ತರರು ಹೇಳಿದ ಹಾಗೆ ರದ್ದು ಮಾಡಬಹುದು. ಇವತ್ತಿಗೆ ತಣ್ಣಗಾಗುತ್ತದೆ. ಆದರೆ ‘ಗಿಲಾನಿ’ ಅನ್ನುವ ಮಾತು ಗಾಳಿಯಲ್ಲೇ ಉಳಿಯುತ್ತದೆ. ಮಕ್ಕಳಿಗೆ ಈ ಯುದ್ಧವನ್ನು ಕಲಿಸುವ ಕೆಲಸ ಮೊಬೈಲಿನಲ್ಲಿ ಬರುವ ಎರಡು ನಿಮಿಷದ ವಿಡಿಯೋಗಳಿಗೆ ಹೋಗುತ್ತದೆ. ಅವಕ್ಕೆ ಬೆರಾರ್ ಗೊತ್ತಿಲ್ಲ, ಕೀಲಿಕೈ ಗೊತ್ತಿಲ್ಲ.

ಚೀಟಿ ಎತ್ತಿ ಪರ–ವಿರೋಧ ಹಂಚಬಹುದು. ಮೊದಲೇ ಹಾಗೆ ಮಾಡಿದ್ದರೆ ಚೆನ್ನಾಗಿತ್ತು, ಈಗ ಅಪಾಯ ಜಾಸ್ತಿ. ಬೇಸರಗೊಂಡ ಹುಡುಗನ ಚೀಟಿಯಲ್ಲಿ ‘ಪರ’ ಬಂದರೆ ಅವನ ಗತಿ ಏನು? ಯಾರಾದರೂ ಆ ಭಾಷಣ ರೆಕಾರ್ಡ್ ಮಾಡಿ ಅರ್ಧ ಕತ್ತರಿಸಿ ಹರಿಬಿಟ್ಟರೆ? ಇದು ಹೆದರಿಸುವ ಮಾತಲ್ಲ, ನಮ್ಮ ಊರುಗಳಲ್ಲಿ ಆಗುತ್ತಿರುವುದೇ.

ನಾನು ಆಮೇಲಿನ ವರ್ಷಗಳಲ್ಲಿ ಮಾಡುತ್ತಿದ್ದದ್ದು ಪಂಚಾಯ್ತಿ. ಪರ–ವಿರೋಧ ತೆಗೆದುಹಾಕಿ. ಒಬ್ಬರು ಅಲಿಯ ದೂತ, ಒಬ್ಬರು ರಾಮರಾಯ, ಒಬ್ಬರು ಹುಸೇನ್. ಒಬ್ಬರು ಬೆರಾರಿನವರು, ‘ನಾವ್ಯಾಕೆ ಬರಲಿಲ್ಲ’ ಅಂತ ಹೇಳಲಿ. ಒಬ್ಬಳು ಚಾಂದ್ ಬೀಬಿ, ಸೊಲ್ಲಾಪುರದ ಜೊತೆ ತನ್ನನ್ನು ಕೊಟ್ಟದ್ದರ ಬಗ್ಗೆ ಅವಳನ್ನು ಯಾರೂ ಕೇಳಿರಲಿಲ್ಲ, ನೀವು ಕೇಳಿ. ಮತ್ತೆ ಮುದಗಲ್ಲಿನ ಒಬ್ಬ ರೈತ, ಕಡ್ಡಾಯವಾಗಿ. ಕಾಳಗ ಆದದ್ದು ಜನವರಿ ಕೊನೆಗೆ. ನಮ್ಮ ಎರಿಹೊಲದಲ್ಲಿ ಬಿಳಿಜೋಳ ತೆನೆ ಬಲಿಯುವ ಹೊತ್ತು ಅದು. ಸಾವಿರಗಟ್ಟಲೆ ಕುದುರೆ, ಆನೆ, ಎತ್ತು, ಜನ ಆ ಹೊಲಗಳ ಮೇಲೆ ಹಾದು ಹೋದರೆ ಏನು ಉಳಿಯುತ್ತದೆ ಅಂತ ನಿಮ್ಮ ಕ್ಲಾಸಿನ ರೈತರ ಮಕ್ಕಳಿಗೆ ಯಾರೂ ಪಾಠ ಮಾಡಬೇಕಿಲ್ಲ. ನನ್ನ ಹಿಂದಿನ ಬೆಂಚಿನ ಹುಡುಗಿಗೆ ಉತ್ತರ ಅಲ್ಲಿತ್ತು.

ಇದರಲ್ಲೂ ತೊಂದರೆ ಇದೆ. ತಯಾರಿಗೆ ಎರಡು ವಾರವಾದರೂ ಬೇಕು. ಹುಡುಗರು ಪೇಟ ಕಟ್ಟಿ, ಮೀಸೆ ಬರೆದುಕೊಂಡು ಸಣ್ಣಾಟದ ಹಾಗೆ ಮಾಡಿಬಿಡುತ್ತಾರೆ, ಒಂದು ಸಲ ನನ್ನ ರಾಮರಾಯ ನಿಜವಾಗಿಯೂ ದೂತನನ್ನು ಬಾಗಿಲಾಚೆ ತಳ್ಳಿದ್ದ. ವೇಷ ಬೇಡ ಅಂತ ಮೊದಲೇ ಹೇಳಿ. ಪಾತ್ರ ಹಂಚುವಾಗ ಹೆಸರು ನೋಡಿ ಹಂಚಬೇಡಿ, ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಿ. ಕೊನೆಗೆ ಗೆದ್ದವರು ಯಾರು ಅಂತ ಹೇಳಬೇಡಿ, ಬಹುಮಾನವೂ ಬೇಡ. ಫೋನ್ ಮಾಡಿದ ಪಾಲಕರನ್ನು ಅವತ್ತು ಕರೆದು ಹಿಂದೆ ಕೂರಿಸಿ. ಬಂದರೆ ಒಳ್ಳೆಯದು, ಬರದಿದ್ದರೂ ಕರೆದಿದ್ದೀರಿ ಅನ್ನುವುದು ಉಳಿಯುತ್ತದೆ.

ಆದರೆ ಇದೆಲ್ಲಕ್ಕಿಂತ ಮುಂಚೆ ಆ ಹುಡುಗನ ಮನೆಗೆ ಹೋಗಿ ಬನ್ನಿ. ಫೋನ್ ಸಾಲದು, ಹೋಗಿ. ಇತಿಹಾಸ ವಿವರಿಸಲು ಹೋಗಬೇಡಿ, ಚಹಾ ಕುಡಿದು ‘ನಾಳೆ ಬಾ’ ಅಂತ ಹೇಳಿ ಬನ್ನಿ. ಬೈದ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಿದರೆ ಆ ಹೆಸರು ಅವನಿಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಅವರ ಜೊತೆ ಬೇರೆಯಾಗಿ ಮಾತಾಡಿ. ಆ ವೆನಿಸಿನ ವ್ಯಾಪಾರಿಯ ಎಪ್ಪತ್ತು ಸಾವಿರದ ಲೆಕ್ಕ ಅವರಿಂದಲೇ ಮಾಡಿಸಿ: ಅಷ್ಟು ಜನಕ್ಕೆ ದಿನಕ್ಕೆ ಎಷ್ಟು ರೊಟ್ಟಿ, ಎಷ್ಟು ಜೋಳ, ಎಷ್ಟು ಎತ್ತಿನ ಗಾಡಿ? ಕಾಗದ, ಪೆನ್ಸಿಲ್ ಕೊಟ್ಟು ಕೂರಿಸಿ.

ಮಕ್ಕಳನ್ನು ಜಾಗ ನೋಡಲು ಕರೆದುಕೊಂಡು ಹೋಗಬಹುದಾ ಅಂತ ನಿಮಗೆ ಅನ್ನಿಸಬಹುದು. ರಕ್ಕಸಗಿ ಕಡೆ ನಾನು ನಾಲ್ಕೈದು ಸಲ ಹೋಗಿದ್ದೇನೆ. ನೋಡಲು ಏನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾರಾಯಣಪುರದ ಹಿನ್ನೀರು ಹೊಳೆಯ ಅಂಚನ್ನೇ ಬದಲಾಯಿಸಿದೆ. ಕೊನೆಯ ಸಲ ಹೋದಾಗ ಕುರಿ ಕಾಯುವ ಅಜ್ಜನೊಬ್ಬ ‘ಏನ್ ಹುಡುಕಾಕತ್ತೀರಿ?’ ಅಂದ. ಯುದ್ಧದ ಜಾಗ ಅಂದೆ. ‘ಯಾವ ಯುದ್ಧರೀ, ಹೊಲದ್ದಾ?’ ಅಂದ.

ವಿಜಯಪುರಕ್ಕಾದರೆ ಕರೆದುಕೊಂಡು ಬನ್ನಿ. ನಾನು ಇಲ್ಲೇ ಇರುತ್ತೇನೆ, ಮಲಿಕ್–ಎ–ಮೈದಾನ್ ಇರುವ ಬುರುಜಿನ ಮೆಟ್ಟಿಲ ಹತ್ತಿರ ಸಿಗುತ್ತೇನೆ. ಬೆಳಗ್ಗೆ ಬೇಡ, ಮಧ್ಯಾಹ್ನ ಬನ್ನಿ. ಎಂಥ ಬಿಸಿಲಲ್ಲೂ ಆ ತೋಪು ತಣ್ಣಗೇ ಇರುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ. ಹೌದೋ ಅಲ್ಲವೋ, ಮಕ್ಕಳು ಕೈಯಿಟ್ಟು ನೋಡಲಿ.